ವ್ಯಾಪಾರ ಓದುವವರಿಗೆ ಧರ್ಮವೇಕೆ?

ಚನ್ನರಾಯಪಟ್ಟಣದಲ್ಲಿ ಕೊಬ್ಬರಿಯ ವ್ಯಾಪಾರದಿಂದ ನಾಲ್ಕು ಕಾಸು ಸಂಪಾದಿಸಿ, ಸಂಪಾದಿಸಿದ್ದರಲ್ಲಿ ದೇವರಿಗೂ ಬಡವರಿಗೂ ಭಾಗವಿಟ್ಟು ಗೌರವದಿಂದ ಬಾಳುತ್ತಿರುವ ಹಿರಿಯರೊಬ್ಬರು ಮೊನ್ನೆ ನಮ್ಮ ಕಾರ್ಯಾಲಯಕ್ಕೆ ದಯಮಾಡಿಸಿದ್ದರು. ನ್ಯಾಯವಾಗಿ ನಾವೇ ಅವರಲ್ಲಿಗೆ ಹೋಗಬೇಕಾಗಿದ್ದಿತು. ಏಕೆಂದರೆ ಯಾಚಕರು ನಾವು. ಅರಕಲಗೂಡು ತಾಲ್ಲೂಕಿನ ಹಳ್ಳಿಯೊಂದರ ಹೆಣ್ಣುಮಗಳು ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ, ಕಠಿಣವಾದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ದೇಶದ ಹೆಸರಾಂತ ಬಿಸಿನೆಸ್ ಸ್ಕೂಲುಗಳಲ್ಲೊಂದರಲ್ಲಿ ಸ್ಥಾನ ಪಡೆದಿದ್ದಾಳೆ. ತಂದೆ ಹೊಗೆಸೊಪ್ಪು ಬೆಳೆಯುವ ಸಣ್ಣ ಹಿಡುವಳಿದಾರ. ಮೊದಲ ಕಂತಿನ ಹಣ ಕಟ್ಟುವ ಗಡುವು ಹತ್ತಿರವಾಗಿದೆ. ಆಕೆಯ ಅಧ್ಯಾಪಕರೂ ನಾವೂ ಸೇರಿ ಕೆಲವು ಮಹನೀಯರಿಗೆ ಕಾಗದ ಬರೆದಿದ್ದೆವು. ಅದರಲ್ಲಿ ಒಂದು ಕಾಗದ ಈ ಹಿರಿಯರ ಕೈ ಸೇರಿದ್ದಿತು.

ಅವರು ಕುಳಿತವರೇ ಪೀಠಿಕೆಯಿಲ್ಲದೆ ಕೇಳಿದರು: "ಸ್ವಾಮೀ, ವೇದ ಓದುವ ಹುಡುಗನಿಗೆ ಕೊಟ್ಟರೆ ಪುಣ್ಯ ಅಂತಾರೆ. ಡಾಕ್ಟರು ಓದುವವರಿಗೆ ಕೊಟ್ಟರೆ ನಾಳೆ ಊರಿನವರ ನಾಡಿ ಹಿಡಿಯುತ್ತಾರೆ. ಮೇಷ್ಟರಾಗುವವರಿಗೆ ಕೊಟ್ಟರೆ ನಾಲ್ಕು ಮಕ್ಕಳಿಗೆ ಅಕ್ಷರ ಬರುತ್ತೆ. ಈ ಮಗು ಓದೋದು ವ್ಯಾಪಾರ. ಓದು ಮುಗಿದ ಮಾರನೆಯ ದಿನವೇ ನಾನು ವರ್ಷವೆಲ್ಲಾ ಮಂಡಿಯಲ್ಲಿ ಕೂತು ಗಳಿಸುವುದಕ್ಕಿಂತ ಹೆಚ್ಚಿನ ಸಂಬಳ ಎಣಿಸುತ್ತಾಳೆ. ಅಂಥವರಿಗೆ ನಾನು ಧರ್ಮ ಯಾಕೆ ಮಾಡಬೇಕು, ತಾವೇ ಹೇಳಿ."

ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲವೆಂಬುದನ್ನು ವಾಚಕರಲ್ಲಿ ಮುಚ್ಚಿಡುವುದಿಲ್ಲ. "ಯಜಮಾನರೇ, ಯೋಚಿಸಿ ಹೇಳುತ್ತೇವೆ" ಎಂದೆವು. ಅವರು ಕಾಫಿ ಕುಡಿದು, ಪತ್ರಿಕೆಯ ವರ್ಷದ ಚಂದಾ ಕೊಟ್ಟು ಹೊರಟುಹೋದರು. ಈ ಲೇಖನವೇ ಅವರಿಗೆ ನಮ್ಮ ಉತ್ತರ. ಇದೇ ಪ್ರಶ್ನೆ ಹಾಸನದ ಪೇಟೆಯಲ್ಲಿಯೂ ಹೊಳೆನರಸೀಪುರದ ವಕೀಲರ ಚಾವಡಿಯಲ್ಲಿಯೂ ಅನೇಕರ ಮನಸ್ಸಿನಲ್ಲಿರುವುದರಿಂದ ಎಲ್ಲರ ಮುಂದೆಯೇ ಇಡುತ್ತಿದ್ದೇವೆ.

ಧರ್ಮವನ್ನು ಯಾರಿಗೆ ಮಾಡಬೇಕು, ಹೇಗೆ ಮಾಡಬೇಕೆಂಬುದರಲ್ಲಿ ನಮ್ಮ ಸೀಮೆಗೆ ಬೇರೆಯವರು ಪಾಠ ಹೇಳಬೇಕಾದುದಿಲ್ಲ. ಚನ್ನರಾಯಪಟ್ಟಣದಿಂದ ಹರದಾರಿಗಳ ದೂರದಲ್ಲಿರುವ ಶ್ರವಣಬೆಳಗೊಳದ ಶಾಸನಗಳನ್ನು ನೋಡಬಹುದು. 13ನೆಯ ಶತಮಾನದಲ್ಲಿ ಭಕ್ತರು ಗೊಮ್ಮಟಸ್ವಾಮಿಯ ನಿತ್ಯಾಭಿಷೇಕದ ಹಾಲಿಗೆಂದು ಕೆಲವು ಗದ್ಯಾಣಗಳನ್ನು ಇಟ್ಟು, ಆ ಮೂಲಧನವನ್ನು ಮುಟ್ಟದೆ ಅದರ ಬಡ್ಡಿಯಿಂದ ಪ್ರತಿನಿತ್ಯವೂ ಇಷ್ಟು ಹಾಲು ನಡೆಯಬೇಕೆಂದು ಕಲ್ಲಿನಲ್ಲಿ ಬರೆಯಿಸಿದ್ದಾರೆ. ಬೆಳಗೊಳದ ವರ್ತಕರು ಸೇರಿಕೊಂಡು ವರ್ಷವರ್ಷವೂ ಹೂವಿಗಾಗಿ ಸಲ್ಲಿಸತಕ್ಕದ್ದನ್ನು ನಿಷ್ಕರ್ಷೆಮಾಡಿದ ಶಾಸನಗಳೂ ಇವೆ. ಅಮೆರಿಕಾದ ವಿಶ್ವವಿದ್ಯಾನಿಲಯಗಳು ಇಂದು ಕೋಟಿಗಟ್ಟಲೆ ಡಾಲರುಗಳನ್ನು ಯಾವ ಪದ್ಧತಿಯಿಂದ ಕಾಪಾಡಿ ವಿದ್ಯಾರ್ಥಿವೇತನಗಳನ್ನು ಹಂಚುತ್ತಿರುವುವೋ, ಅಸಲು ಅಸಲಾಗಿಯೇ ಉಳಿದು ಬಡ್ಡಿಮಾತ್ರ ಧರ್ಮಕ್ಕೆ ಸಲ್ಲುವ ಆ ಪದ್ಧತಿ ನಮ್ಮ ಕೊಬ್ಬರಿ ವರ್ತಕರ ಪೂರ್ವಿಕರಿಗೆ ಏಳುನೂರು ವರ್ಷಗಳ ಹಿಂದೆಯೇ ಕರತಲಾಮಲಕವಾಗಿದ್ದಿತು. ಆದಕಾರಣ ಪ್ರಶ್ನೆಯಿರುವುದು ಕ್ರಮದ ವಿಷಯದಲ್ಲಲ್ಲ, ಪಾತ್ರದ ವಿಷಯದಲ್ಲಿ. ವ್ಯಾಪಾರ ಓದುವವನು ದಾನಕ್ಕೆ ಪಾತ್ರನೇ ಎಂಬುದು ಯಜಮಾನರ ಸಂದೇಹ.

ಈ ಸಂದೇಹವನ್ನು ನಿವಾರಿಸುವುದಕ್ಕೆ ಮೊದಲು, ಇದುವರೆಗೆ ಕೊಟ್ಟವರು ಏಕೆ ಕೊಟ್ಟರೆಂಬುದನ್ನು ವಿಚಾರಿಸುವುದು ಉಚಿತ.

ವಾರಾನ್ನವೆಂಬ ಮಾತು ನಮ್ಮ ಕಿರಿಯ ವಾಚಕರಿಗೆ ತಿಳಿಯದೆ ಇರಬಹುದು. ಹಳ್ಳಿಯಿಂದ ಓದಲು ಬಂದ ಬಡ ಹುಡುಗನು ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ, ಹೀಗೆ ವಾರದ ಏಳು ದಿನವೂ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದನು. ಎಲ್ಲಾದರೊಂದು ಮನೆಯಲ್ಲಿ ಬಾಗಿಲು ಹಾಕಿದ್ದರೆ ಆ ದಿನ ಏಕಾದಶಿ. ಹಳೆಯ ಮೈಸೂರು ಸೀಮೆಯ ಎಷ್ಟೋ ಮಂದಿ ಅಮಲ್ದಾರರು, ವಕೀಲರು, ಉಪಾಧ್ಯಾಯರು ಈ ಅನ್ನದಿಂದ ಬೆಳೆದವರು. ಉಣ್ಣಿಸಿದ ತಾಯಂದಿರು ಆ ಹುಡುಗನು ಮುಂದೆ ಯಾವ ಉದ್ಯೋಗ ಹಿಡಿಯುವನೆಂದು ಕೇಳಲಿಲ್ಲ. ಅಮಲ್ದಾರನಾಗಿ ಸಂಬಳ ಎಣಿಸುವ ಹುಡುಗನಿಗೆ ನಾವೇಕೆ ಹುಳಿ ಬಡಿಸಬೇಕೆಂದೂ ಅನ್ನಲಿಲ್ಲ. ಉಂಡವನು ಆ ಋಣವನ್ನು ಉಣ್ಣಿಸಿದ ಮನೆಗೆ ತೀರಿಸುವುದು ಅಪೂರ್ವ. ತಾನು ಊರಿ ನಿಂತ ಮೇಲೆ ಬೇರೊಬ್ಬ ಹುಡುಗನಿಗೆ ಎಲೆ ಹಾಕಿಸುವುದೇ ತೀರಿಸುವ ರೀತಿಯಾಗಿದ್ದಿತು. ಇಂದು ಬೆಂಗಳೂರಿನಲ್ಲಿಯೂ ಅಮೆರಿಕಾದಲ್ಲಿಯೂ ಹಣ ಗಳಿಸಿ, ತಾವು ಓದಿದ ಶಾಲೆಗಳಿಗೆ ವಿದ್ಯಾರ್ಥಿವೇತನದ ನಿಧಿಗಳನ್ನು ಕಳುಹಿಸುತ್ತಿರುವವರಲ್ಲಿ ಹೆಚ್ಚಿನವರು ಈ ವಾರಾನ್ನದ ಲೆಕ್ಕವನ್ನೇ ತೀರಿಸುತ್ತಿರುವರೆಂದು ನಮ್ಮ ಅಭಿಪ್ರಾಯ. ದಾನಿಗಳ ಮನಸ್ಸಿನಲ್ಲಿರುವ ಕಾರಣಗಳಲ್ಲೆಲ್ಲಾ ಇದೇ ಪ್ರಬಲವಾದುದು.

ಇದರ ಬೆಲೆಯೇನೆಂಬುದಕ್ಕೆ ವಿಶ್ವೇಶ್ವರಯ್ಯನವರಿಗಿಂತ ಬೇರೆ ನಿದರ್ಶನವೇಕೆ? ಮುದ್ದೇನಹಳ್ಳಿಯ ಆ ಹುಡುಗನು ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳುತ್ತಾ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದನು. ಅನಂತರ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನದ ಬಲದಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರನಾದನು. ಸಂಸ್ಥಾನವು ಆ ಹುಡುಗನ ಮೇಲೆ ವೆಚ್ಚಮಾಡಿದ ಅಲ್ಪ ಹಣಕ್ಕೆ 1913ರಲ್ಲಿ ಮೈಸೂರು ಬ್ಯಾಂಕು ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ವರ್ತಕರ ವಾಣಿಜ್ಯ ಮಂಡಳಿಯೂ ಬಂದುವು. ಆ ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿ ತನ್ನ ಹೆಸರನ್ನು ಕಳೆದುಕೊಂಡುದು ಬೇರೆ ಮಾತು. ಅದಕ್ಕೆ ವಿದ್ಯಾರ್ಥಿವೇತನದವರು ಹೊಣೆಯಲ್ಲ.

ಗತಿಸಿದವರ ನೆನಪಿಗಾಗಿ ಕೊಡುವವರು ಇನ್ನು ಕೆಲವರು. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆಂದು ಉಯಿಲು ಬರೆದಿಟ್ಟು 1906ರಲ್ಲಿ ಕಾಲವಾದರು. ಅವರ ಹೆಸರನ್ನು ಬೆಳಗಾವಿಯ ಲಿಂಗರಾಜ ಕಾಲೇಜಷ್ಟೇ ಅಲ್ಲ, ಆ ನಿಧಿಯಿಂದ ಓದಿದವರ ಮನೆತನಗಳೂ ಉಳಿಸಿಕೊಂಡಿವೆ. ಉತ್ತರದ ಬಿರ್ಲಾ ಮನೆತನದವರು ಕಾಲವಾದ ಆದಿತ್ಯ ವಿಕ್ರಮ್ ಬಿರ್ಲಾರ ಸ್ಮಾರಕವಾಗಿ 1999ರಿಂದ ವಿದ್ಯಾರ್ಥಿವೇತನಗಳನ್ನು ಕೊಡುತ್ತಿದ್ದಾರೆ, ಅವುಗಳಲ್ಲಿ ಐ.ಐ.ಎಂ.ಗಳಲ್ಲಿ ವ್ಯವಹಾರ ನಿರ್ವಹಣೆ ಓದುವವರಿಗೂ ಪಾಲುಂಟು. ಸತ್ತವರ ಹೆಸರಿನಲ್ಲಿ ಒಂದು ದಿನ ಸಾವಿರ ಎಲೆ ಹಾಕಿಸುವುದಕ್ಕಿಂತ ಇದು ಕಡಿಮೆಯ ಸ್ಮಾರಕವೆಂದು ಯಾರೂ ಹೇಳಲಾರರು.

ವ್ಯಾಪಾರಿಗಳು ವ್ಯಾಪಾರ ವಿದ್ಯೆಗೇ ಕೊಟ್ಟುದಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಸ್ವಾರ್ಥವೆನ್ನುವವರು ಎನ್ನಲಿ, ನಾವು ದೂರದೃಷ್ಟಿಯೆನ್ನುತ್ತೇವೆ. 1881ರಲ್ಲಿ ಅಮೆರಿಕಾದ ಫಿಲಡೆಲ್ಫಿಯಾ ನಗರದ ಜೋಸೆಫ್ ವಾರ್ಟನ್ ಎಂಬ ಲೋಹದ ವರ್ತಕನು ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ 1 ಲಕ್ಷ ಡಾಲರು ಕೊಟ್ಟು ವ್ಯಾಪಾರ ಶಾಲೆಯನ್ನು ಹಾಕಿಸಿದನು. ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿ ಕೆಲಸ ಕಲಿಯುವ ಹಳೆಯ ರೀತಿ ಮಾತ್ರದಿಂದ ಇನ್ನು ನಡೆಯದೆಂಬುದು ಅವನ ಅನುಭವ. ಅಹಮದಾಬಾದಿನಲ್ಲಿ 1961ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಸ್ಥಾಪಿತವಾದಾಗ ವಿಕ್ರಮ್ ಸಾರಾಭಾಯಿಯವರ ಜತೆಗೆ ಹೆಗಲು ಕೊಟ್ಟವರು ಗಿರಣಿಯ ಮಾಲೀಕರಾದ ಕಸ್ತೂರಭಾಯಿ ಲಾಲ್‌ಭಾಯಿಯವರು. ನಮ್ಮ ನಾಡಿನಲ್ಲಿಯೇ ಮೈಸೂರಿನ ವರ್ತಕರಾದ ಧರ್ಮಪ್ರಕಾಶ ಡಿ. ಬನುಮಯ್ಯನವರ ಹೆಸರನ್ನು ಹೊತ್ತಿರುವುದು ವಾಣಿಜ್ಯದ ಕಾಲೇಜು. ಹುಬ್ಬಳ್ಳಿಯಲ್ಲಿ ಮೂರುಸಾವಿರ ಮಠದ ಜಗದ್ಗುರು ಗಂಗಾಧರ ಸ್ವಾಮಿಗಳ ಹೆಸರಿನ ವಾಣಿಜ್ಯ ಕಾಲೇಜು 1947ರಿಂದ ನಡೆಯುತ್ತಿದೆ. ಕರಾವಳಿಯ ಪೈ ಮನೆತನದವರನ್ನು ನೋಡಿ. ಉಡುಪಿಯಲ್ಲಿ 1925ರಲ್ಲಿ ಬ್ಯಾಂಕನ್ನು ಹುಟ್ಟುಹಾಕಿ, 1928ರಿಂದ ಮನೆಮನೆಗೂ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಠೇವಣಿ ಎತ್ತಿದವರು, 1980ರ ಹೊತ್ತಿಗೆ ಮಣಿಪಾಲದಲ್ಲಿ ಟಿ.ಎ. ಪೈಯವರ ಹೆಸರಿನ ಮ್ಯಾನೇಜ್‌ಮೆಂಟ್ ಶಾಲೆಯನ್ನು ಕಂಡರು. ಎರಡಾಣೆ ಎತ್ತುವವನಿಗೂ ಲೆಕ್ಕ ಬರಬೇಕು, ಕೋಟಿ ಎತ್ತುವವನಿಗೂ ಬರಬೇಕು. ಲೆಕ್ಕ ಬಲ್ಲವನು ತಾನಾಗಿ ಹುಟ್ಟುವುದಿಲ್ಲವೆಂಬುದನ್ನು ಅವರು ಬಲ್ಲರು.

ಈ ಮಾತನ್ನು ಬರೆಯುವಾಗ ನಮ್ಮ ಕಥೆಯೂ ನೆನಪಿಗೆ ಬರುತ್ತದೆ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠಮಾಡಿ, ಮೆಟ್ರಿಕ್ಯುಲೇಷನ್ ದಾಟಿ, ಮುಂದೆ ಓದಿಸಲು ಮನೆಯಲ್ಲಿ ಅನುಕೂಲವಿಲ್ಲದೆ ಅಚ್ಚಿನ ಮೊಳೆಗಳ ನಡುವೆ ಜೀವನ ಆರಂಭಿಸಿದವರು ನಾವು. ಪತ್ರಿಕೆಯನ್ನು ಕೈಗೆ ತೆಗೆದುಕೊಂಡ ಮೊದಲ ವರ್ಷಗಳಲ್ಲಿ ಪೆಟ್ಟಿಗೆಯಲ್ಲಿ ಬಿದ್ದ ಹಣವೆಲ್ಲಾ ಲಾಭವೆಂದು ಭಾವಿಸಿದ್ದೆವು. ಕಾಗದದ ಸಾಲ, ಯಂತ್ರದ ಸವಕಳಿ, ವಸೂಲಾಗದ ಜಾಹೀರಾತಿನ ಬಾಕಿ, ಇವುಗಳಿಗೆಲ್ಲಾ ಲೆಕ್ಕದಲ್ಲಿ ಸ್ಥಾನವುಂಟೆಂಬುದೇ ತಿಳಿಯದು. ಒಂದು ದಿನ ಕಾಗದದ ವ್ಯಾಪಾರಿ ಉದ್ದರಿ ನಿಲ್ಲಿಸಿದನು. ಎರಡು ದಿನ ಪತ್ರಿಕೆ ಹೊರಡಲಿಲ್ಲ. ಆಗ ಬಿ.ಕಾಂ. ಓದಿದ್ದ ಪರಿಚಿತ ಹುಡುಗನೊಬ್ಬನು ಸಂಜೆಯ ವೇಳೆ ಬಂದು ಒಂದು ತಿಂಗಳು ಕುಳಿತು ಖಾತೆಗಳನ್ನು ಬಿಡಿಸಿ, ನಮ್ಮ ವಿದ್ವತ್ತಿನ ಬೆಲೆಯೆಷ್ಟೆಂಬುದನ್ನು ಅಂಕಿಗಳಲ್ಲಿ ತೋರಿಸಿದನು. ಅಮರಕೋಶದಲ್ಲಿ ಸಾಲಕ್ಕೆ ಪರ್ಯಾಯಪದಗಳಿವೆ, ತೀರಿಸುವ ಉಪಾಯವಿಲ್ಲ. ಈ ಪತ್ರಿಕೆ ಇಂದು ನಿಮ್ಮ ಕೈಯಲ್ಲಿರುವುದಕ್ಕೆ ಆ ಹುಡುಗನ ವಿದ್ಯೆ ಕಾರಣವೇ ಹೊರತು ನಮ್ಮ ಲೇಖನಿಯಲ್ಲ.

"ವ್ಯಾಪಾರವನ್ನು ಶಾಲೆಯಲ್ಲಿ ಕಲಿಯುತ್ತಾರೆಯೇ? ಅದು ಹುಟ್ಟುಗುಣ" ಎಂಬ ಆಕ್ಷೇಪಣೆಯನ್ನೂ ಕೇಳಿದ್ದೇವೆ. ಇದಕ್ಕೆ ನಮ್ಮ ಜಿಲ್ಲೆಯವರೇ ಆದ ಗೊರೂರಿನ ಕ್ಯಾಪ್ಟನ್ ಗೋಪಿನಾಥರನ್ನು ಉದಾಹರಿಸುವವರಿದ್ದಾರೆ. ಅವರು ಸೈನ್ಯ ಬಿಟ್ಟು ಜಾವಗಲ್ಲಿನ ಬಳಿ ಬೇಸಾಯಮಾಡಿ, ಅಲ್ಲಿಂದೆದ್ದು 2003ರಲ್ಲಿ ಏರ್ ಡೆಕ್ಕನ್ ವಿಮಾನಗಳನ್ನು ಹಾರಿಸಿದಾಗ ಯಾವ ಎಂ.ಬಿ.ಎ. ಪದವಿಯೂ ಅವರ ಜೇಬಿನಲ್ಲಿರಲಿಲ್ಲವೆಂಬುದು ನಿಜ. ಆದರೆ ಅವರು ಓದಿದ ಬಿಜಾಪುರದ ಸೈನಿಕ ಶಾಲೆಯನ್ನೂ ಅನಂತರದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯನ್ನೂ ನಡೆಯಿಸುತ್ತಿರುವುದು ಸಾರ್ವಜನಿಕ ದ್ರವ್ಯ. ಹಳ್ಳಿಯ ಉಪಾಧ್ಯಾಯರ ಮಗನನ್ನು ಅಷ್ಟು ದೂರ ಕರೆದೊಯ್ದುದರಲ್ಲಿ ಹುಟ್ಟುಗುಣದ ಪಾಲೆಷ್ಟು, ಜನರ ತೆರಿಗೆಯ ಪಾಲೆಷ್ಟೆಂದು ಅಳೆಯುವವರಾರು? ಇನ್‌ಫೋಸಿಸ್ಸಿನ ನಾರಾಯಣಮೂರ್ತಿಯವರು ಐ.ಐ.ಟಿ.ಯ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ, ಉಪಾಧ್ಯಾಯರಾಗಿದ್ದ ತಂದೆಗೆ ವೆಚ್ಚ ಭರಿಸಲಾಗದೆ, ಮೈಸೂರಿನಲ್ಲಿಯೇ ಎಂಜಿನಿಯರಿಂಗ್ ಓದಬೇಕಾಯಿತೆಂಬುದು ಲೋಕಕ್ಕೆ ಗೊತ್ತು. ಅವರು ದಾರಿ ಕಂಡುಕೊಂಡರು. ದಾರಿ ಕಾಣದೆ ಉಳಿದವರ ಹೆಸರುಗಳು ಯಾವ ಪತ್ರಿಕೆಗೂ ಬರುವುದಿಲ್ಲ.

ಇನ್ನು ಕಂಪನಿಗಳು ಕೊಡುವ ಹಣದ ವಿಷಯ. 2013ರ ಕಂಪನಿ ಕಾಯಿದೆಯಂತೆ ನಿರ್ದಿಷ್ಟ ಪ್ರಮಾಣಕ್ಕೆ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಾರ್ವಜನಿಕ ಹಿತಕ್ಕೆ ವೆಚ್ಚಮಾಡಬೇಕು; ವಿದ್ಯಾಭ್ಯಾಸವೂ ಅದರಲ್ಲಿ ಸೇರಿದೆ. ಜಾಣ ಹುಡುಗರ ಪರಿಚಯವನ್ನು ಮೊದಲೇ ಮಾಡಿಕೊಂಡು ಮುಂದೆ ನೌಕರಿಗೆ ಕರೆಯಬಹುದೆಂಬ ಆಸೆಯೂ ಇದ್ದೀತು. ಇದನ್ನು ದಾನವೆನ್ನಲು ನಮ್ಮ ನಾಲಗೆ ಏಳದು. ಆದರೂ ಹಣ ಹಣವೇ. ತಾನು ವ್ಯವಹರಿಸುವ ಊರಿಗೆ ಮೊದಲ ಪ್ರಾಶಸ್ತ್ಯ ಕೊಡಬೇಕೆಂದು ಅದೇ ಕಾಯಿದೆ ಹೇಳುವುದರಿಂದ, ಹಾಸನದ ಸುತ್ತ ಕಾರ್ಖಾನೆ ನಡೆಯಿಸುವವರನ್ನು ಕೇಳುವ ಹಕ್ಕು ಈ ಜಿಲ್ಲೆಯವರಿಗುಂಟು. ಕೇಳಿದವರೆಷ್ಟು ಮಂದಿ?

ಈಗ ಯಜಮಾನರ ಪ್ರಶ್ನೆಯ ಹುರುಳಿಗೆ ಬರೋಣ. ನಾಳೆ ಲಕ್ಷಗಟ್ಟಲೆ ಸಂಬಳ ಬರುವುದಾದರೆ ಇಂದು ಸಾಲ ಮಾಡಿ ಓದಲಿ, ನಾಳೆ ತೀರಿಸಲಿ, ಧರ್ಮದ ಹಂಗೇಕೆ ಎಂಬುದೇ ಅವರ ವಾದದ ತಿರುಳು. ಮೇಲುನೋಟಕ್ಕೆ ಇದು ಸರಿಯಾದ ವಾದ. ಇದು ಎಲ್ಲಿ ಮುರಿಯುವುದೆಂಬುದನ್ನು ಅವರದೇ ಭಾಷೆಯಾದ ಲೆಕ್ಕದಲ್ಲಿ ತೋರಿಸಲು ಯತ್ನಿಸುತ್ತೇವೆ.

ಬೆಂಗಳೂರು, ಅಹಮದಾಬಾದುಗಳ ಐ.ಐ.ಎಂ.ಗಳಲ್ಲಿ ಎರಡು ವರ್ಷದ ಓದಿನ ವೆಚ್ಚ 20 ಲಕ್ಷವನ್ನು ಮೀರಿ ಬಹುಕಾಲವಾಯಿತು. 25 ಲಕ್ಷ ರೂಪಾಯಿ ಸಾಲವೆಂದಿಟ್ಟುಕೊಳ್ಳೋಣ. ನೂರಕ್ಕೆ ಹತ್ತರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಕಂತು ಕಟ್ಟಿದರೆ ತಿಂಗಳಿಗೆ ಸುಮಾರು 33,000 ರೂಪಾಯಿ. ಒಟ್ಟು ಕಟ್ಟುವುದು 39 ಲಕ್ಷಕ್ಕೂ ಮೇಲೆ. ಮೊದಲ ಪಂಕ್ತಿಯ ಶಾಲೆಗಳಾದರೆ ಬ್ಯಾಂಕುಗಳು ಆಧಾರವನ್ನು ಕೇಳದೆಯೂ ಸಾಲ ಕೊಡುವುದುಂಟು. ಅದಕ್ಕಿಂತ ಕೆಳಗಿನ ಶಾಲೆಗಳಾದರೆ, ಸಾಮಾನ್ಯ ನಿಯಮದಂತೆ, ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಜಮೀನನ್ನೋ ಮನೆಯನ್ನೋ ಬರೆದುಕೊಡಬೇಕು. ಸಣ್ಣ ರೈತನು ಯಾವುದನ್ನು ಬರೆದುಕೊಟ್ಟಾನು? ಹೇಗೋ ಸಾಲ ದೊರೆಯಿತೆನ್ನೋಣ, ಓದೂ ಮುಗಿಯಿತೆನ್ನೋಣ. ಆ ಹುಡುಗಿ ಈಗ ಎಲ್ಲಿಗೆ ಹೋಗಬೇಕು?

ಅದನ್ನು ತಿಳಿಯಲು ಈ ನಾಲ್ಕು ಊರುಗಳ ವ್ಯಾಪಾರದ ಸ್ಥಿತಿಯನ್ನು ಒಮ್ಮೆ ನೋಡಬೇಕು. ಹಾಸನದ ಮಾರುಕಟ್ಟೆಗೆ ಪ್ರತಿ ಬೇಸಿಗೆಯ ಕೊನೆಯಲ್ಲಿ ಬಿತ್ತನೆಯ ಆಲೂಗೆಡ್ಡೆ ಬರುವುದು ಪಂಜಾಬಿನ ಜಲಂಧರದಿಂದ. ಬಿತ್ತನೆಯ ಬೆಲೆ ಅಲ್ಲಿಯವರ ಕೈಯಲ್ಲಿ. ಬೆಳೆದ ಗೆಡ್ಡೆಯ ಬೆಲೆ ಮಳೆಯ ಕೈಯಲ್ಲಿ ಮತ್ತು ದಳ್ಳಾಳಿಯ ಕೈಯಲ್ಲಿ. ನಡುವೆ ಅಂಗಮಾರಿ ರೋಗ ಬಿದ್ದು, ಒಂದು ಕಾಲದಲ್ಲಿ ಜಿಲ್ಲೆಗೇ ಹೆಸರು ತಂದ ಬೆಳೆಯನ್ನು ಎಷ್ಟೋ ರೈತರು ಕೈಬಿಟ್ಟಿದ್ದಾರೆ. ಚನ್ನರಾಯಪಟ್ಟಣದ ಉಂಡೆ ಕೊಬ್ಬರಿ ತಿಪಟೂರಿನ ಹರಾಜಿಗೆ ಹೋಗಿ ಅಲ್ಲಿಂದ ಉತ್ತರ ದೇಶಕ್ಕೆ ಸಾಗುತ್ತದೆ. ಕೊಳ್ಳುವವನು ಬೆಲೆ ಹೇಳುತ್ತಾನೆ, ಮಾರುವವನು ತಲೆಯಾಡಿಸುತ್ತಾನೆ. ಅರಕಲಗೂಡು ಸೀಮೆಯ ಹೊಗೆಸೊಪ್ಪು ರಾಮನಾಥಪುರದಲ್ಲಿರುವ ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಕೆಲವೇ ಕಂಪನಿಗಳ ಮುಖ ನೋಡುತ್ತಾ ಬಿದ್ದಿರುತ್ತದೆ. ಹೊಳೆನರಸೀಪುರದ ಕಡೆ ಹೇಮಾವತಿಯ ನಾಲೆಯ ನೀರು ಬಂದು ಗದ್ದೆಗಳು ಹಸುರಾದುವು. ಬತ್ತವನ್ನು ಅಕ್ಕಿಮಾಡಿ ಹೆಸರು ಹಾಕಿ ಮಾರುವ ಲಾಭ ಮಾತ್ರ ಬಹುಮಟ್ಟಿಗೆ ಹೊರಗಿನವರದು. ಬೆಳೆಯುವುದರಲ್ಲಿ ನಮ್ಮವರು ಯಾರಿಗೂ ಕಡಮೆಯಲ್ಲ. ಮಾರುವುದರಲ್ಲಿ, ಕೂಡಿಡುವುದರಲ್ಲಿ, ಸಾಲವನ್ನು ತಕ್ಕ ಬಡ್ಡಿಗೆ ತರುವುದರಲ್ಲಿ, ಸರಕಿನ ಮೇಲೆ ತಮ್ಮ ಹೆಸರನ್ನು ಮುದ್ರಿಸುವುದರಲ್ಲಿ ಹಿಂದೆ ಬಿದ್ದಿದ್ದಾರೆ. ಇದು ಬೇಸಾಯದ ವಿದ್ಯೆಯಲ್ಲ, ವ್ಯಾಪಾರದ ವಿದ್ಯೆ.

ರೈತರೇ ಷೇರುದಾರರಾದ ಕಂಪನಿಗಳನ್ನು ಕಟ್ಟಿಕೊಳ್ಳಲು 2002ರಲ್ಲಿಯೇ ಕಾಯಿದೆಯಾಯಿತು. 2020ರಲ್ಲಿ ಕೇಂದ್ರ ಸರ್ಕಾರವು ಇಂತಹ 10,000 ಸಂಘಗಳನ್ನು ಸ್ಥಾಪಿಸುವ ಯೋಜನೆಯನ್ನು ಹೊರಡಿಸಿತು. ಸಂಘವನ್ನು ನಡೆಯಿಸುವ ಮುಖ್ಯಾಧಿಕಾರಿಯ ಸಂಬಳಕ್ಕೆ ಆ ಯೋಜನೆಯ ಮಾರ್ಗಸೂಚಿಗಳಲ್ಲಿ ಗೊತ್ತುಮಾಡಿದ ನೆರವಿನ ಮಿತಿ ತಿಂಗಳಿಗೆ 25,000 ರೂಪಾಯಿ.

ಯಜಮಾನರು ಈ ಎರಡು ಅಂಕಿಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಬೇಕೆಂದು ಬೇಡುತ್ತೇವೆ. ಕಂತು 33,000, ಸಂಬಳ 25,000. ನಮ್ಮ ಊರಿನ ರೈತರ ಕಂಪನಿಯನ್ನು ನಡೆಯಿಸಲು ಓದಿದ ಹುಡುಗಿ ಒಪ್ಪಿದರೂ ಬ್ಯಾಂಕು ಒಪ್ಪುವುದಿಲ್ಲ. ಆಕೆ ಊಟವನ್ನೇ ಬಿಟ್ಟರೂ ತಿಂಗಳಿಗೆ 8,000 ರೂಪಾಯಿ ಕೈಕಡ ತರಬೇಕು. ಆದಕಾರಣ ಮುಂಬಯಿಗೋ ಸಿಂಗಪುರಕ್ಕೋ ಹೋಗಿ, ಹೆಚ್ಚು ಸಂಬಳ ಕೊಡುವವರ ಬಾಗಿಲನ್ನೇ ತಟ್ಟಬೇಕು. ಅವಳಿಗೆ ಬೇರೆ ದಾರಿಯಿಲ್ಲ. ಆಮೇಲೆ ನಾವು ಜಗಲಿಯ ಮೇಲೆ ಕುಳಿತು "ಓದಿದವರೆಲ್ಲಾ ಊರು ಬಿಟ್ಟರು, ಅಭಿಮಾನವೇ ಇಲ್ಲ" ಎಂದು ನಿಟ್ಟುಸಿರು ಬಿಡುತ್ತೇವೆ. ಅವಳ ಅಭಿಮಾನವನ್ನು ಅಡವು ಇಟ್ಟುಕೊಂಡುದು ಸಾಲ. ಸಾಲವಿಲ್ಲದಂತೆ ಮಾಡಬಹುದಾಗಿದ್ದವರು ನಾವು.

ದಾನಿಗಳು ವ್ಯವಹಾರ ಶಾಲೆಯ ವಿದ್ಯಾರ್ಥಿಗಳಿಗೆ ಹಣ ಕೊಡುವುದರ ನಿಜವಾದ ಫಲ ಇಲ್ಲಿದೆಯೆಂದು ನಮ್ಮ ದೃಢವಾದ ಅಭಿಪ್ರಾಯ. ವೈದ್ಯನಿಗೆ ಕೊಟ್ಟ ವೇತನ ವಿದ್ಯೆಯನ್ನು ಕೊಳ್ಳುತ್ತದೆ. ವ್ಯಾಪಾರ ಓದುವವನಿಗೆ ಕೊಟ್ಟುದಾದರೋ ವಿದ್ಯೆಯ ಜತೆಗೆ ಸ್ವಾತಂತ್ರ್ಯವನ್ನೂ ಕೊಳ್ಳುತ್ತದೆ: ಕಡಮೆ ಸಂಬಳಕ್ಕೆ ನಿಲ್ಲುವ ಸ್ವಾತಂತ್ರ್ಯ, ಸ್ವಂತ ಉದ್ಯಮ ತೆರೆದು ಎರಡು ವರ್ಷ ನಷ್ಟ ತಡೆದುಕೊಳ್ಳುವ ಸ್ವಾತಂತ್ರ್ಯ, ಮನಸ್ಸಿಗೆ ಒಗ್ಗದ ಧಣಿಗೆ ರಾಜೀನಾಮೆ ಬರೆದುಕೊಡುವ ಸ್ವಾತಂತ್ರ್ಯ. ಸ್ವಾತಂತ್ರ್ಯದ ಬೆಲೆಯನ್ನು ಈ ಪತ್ರಿಕೆಯ ವಾಚಕರಿಗೆ ಬೇರೆ ಹೇಳಬೇಕಾದುದಿಲ್ಲ.

ಹಾಗಾದರೆ ಹಣ ಪಡೆದವರು ಊರಿಗೆ ಮರಳಲೇಬೇಕೆಂದು ಕರಾರು ಬರೆಸಿಕೊಳ್ಳೋಣವೇ ಎಂದು ಕೆಲವರು ಕೇಳಿಯಾರು. ಬೇಡ. ಕರಾರಿಗೆ ಕಟ್ಟುಬಿದ್ದು ಬಂದವನಿಂದ ಊರಿಗೆ ಸುಖವಿಲ್ಲ, ಅವನಿಗೂ ಸುಖವಿಲ್ಲ. ಜಮಶೇಟಜಿ ಟಾಟಾರವರು 1892ರಲ್ಲಿ ಉನ್ನತ ವಿದ್ಯಾಭ್ಯಾಸಕ್ಕೆಂದು ಸ್ಥಾಪಿಸಿದ ನಿಧಿಯ ಕ್ರಮ ನಮಗೆ ಹೆಚ್ಚು ಹಿಡಿಸಿದೆ. ಅಲ್ಲಿ ಕೊಡುವುದು ಸಾಲರೂಪವಾದ ವೇತನ. ಓದಿದವನು ಸಂಪಾದನೆಗೆ ನಿಂತ ಮೇಲೆ ಹಿಂತಿರುಗಿಸುತ್ತಾನೆ. ಆ ಹಣ ಮತ್ತೊಬ್ಬನಿಗೆ ಹೋಗುತ್ತದೆ. ಕನ್ನಡಿಗರಾದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣನವರೂ, ಮುಂದೆ ರಾಷ್ಟ್ರಪತಿಗಳಾದ ಕೆ.ಆರ್. ನಾರಾಯಣನ್ನರೂ ಆ ನಿಧಿಯಿಂದ ಓದಿದವರು. ನಮ್ಮ ನಾಲ್ಕು ತಾಲ್ಲೂಕುಗಳ ನಿಧಿಯೊಂದು ಆಗುವುದಾದರೆ, ಊರಿಗೆ ಬಂದು ಉದ್ಯಮ ನಡೆಯಿಸುವವರಿಗೆ ಅದು ಧರ್ಮವಾಗಲಿ. ಹೊರಗೆ ಹೋಗಿ ಗಳಿಸುವವರಿಗೆ ಬಡ್ಡಿಯಿಲ್ಲದ ಸಾಲವಾಗಲಿ. ಇಬ್ಬರಿಗೂ ಅವಮಾನವಿಲ್ಲ.

ಅವಮಾನದ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳದೆ ಇರಲಾರೆವು. ವೇದಿಕೆಯ ಮೇಲೆ ಬಾಗಿಲಿನಷ್ಟಗಲದ ಚೆಕ್ಕನ್ನು ಹಿಡಿಸಿ, ಹಾರ ಹಾಕಿಕೊಂಡ ದಾನಿಯ ಪಕ್ಕದಲ್ಲಿ ಬಡ ಮಗುವನ್ನು ತಲೆ ತಗ್ಗಿಸಿ ನಿಲ್ಲಿಸಿ ಭಾವಚಿತ್ರ ತೆಗೆಸುವ ಪದ್ಧತಿ ಬೆಳೆದುಬಿಟ್ಟಿದೆ. ಅಂತಹ ಚಿತ್ರಗಳನ್ನು ನಮ್ಮ ಪತ್ರಿಕೆಯೂ ಪ್ರಕಟಿಸಿದೆ. ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ವಾರಾನ್ನ ಬಡಿಸಿದ ತಾಯಂದಿರು ಯಾರನ್ನೂ ಕರೆದು ತೋರಿಸಲಿಲ್ಲ. ಹಾಗೆಯೇ ಹಿಂದಿನ ಅನೇಕ ನಿಧಿಗಳು ದಾನಿಯ ಜಾತಿಯ ಮಕ್ಕಳಿಗೆ ಮಾತ್ರ ಮೀಸಲಾಗಿದ್ದುವು. ಆ ಕಾಲದಲ್ಲಿ ಅವುಗಳಿಂದ ಮಹದುಪಕಾರವಾಯಿತು. ಹಾಸ್ಟೆಲುಗಳೆದ್ದುವು, ತಲೆಮಾರುಗಳು ಓದಿದುವು. ಆದರೆ ಕೊಬ್ಬರಿಯನ್ನು ಕೊಳ್ಳುವಾಗ ಜಾತಿ ಕೇಳದ ವರ್ತಕರು ವಿದ್ಯಾರ್ಥಿಯನ್ನು ಆರಿಸುವಾಗ ಕೇಳುವುದು ಶೋಭಿಸದು. ಸರ್ಕಾರದ ವೇತನಗಳಿಗೆ ವರ್ಗದ ಮಿತಿ, ಆದಾಯದ ಮಿತಿಗಳಿವೆ. ಆ ಗೆರೆಗಿಂತ ಕೂದಲೆಳೆಯಷ್ಟು ಮೇಲಿರುವ ಗುಮಾಸ್ತರ, ಉಪಾಧ್ಯಾಯರ, ಸಣ್ಣ ಅಂಗಡಿಯವರ ಮಕ್ಕಳು ಯಾವ ಪಟ್ಟಿಗೂ ಸೇರುವುದಿಲ್ಲ. ಅವರನ್ನು ನೋಡಬೇಕಾದವರು ಖಾಸಗಿ ದಾನಿಗಳೇ.

ಹಣವೆಲ್ಲಿಂದ ಬರಬೇಕು? ಹಿಂದೆ ಮಂಡಿಗಳಲ್ಲಿ ರೈತನ ಚೀಟಿಯಿಂದ ಧರ್ಮದ ಹೆಸರಿನಲ್ಲಿ ಚೀಲಕ್ಕೆ ಇಷ್ಟೆಂದು ಮುರಿದುಕೊಳ್ಳುತ್ತಿದ್ದುದನ್ನು ಹಿರಿಯರು ಬಲ್ಲರು. ಪುಣ್ಯ ಸಾಹುಕಾರನಿಗೆ, ಕಾಸು ರೈತನದು. ನಿಯಂತ್ರಿತ ಮಾರುಕಟ್ಟೆಯ ಕಾಯಿದೆ ಅದನ್ನು ನಿಲ್ಲಿಸಿದುದು ನ್ಯಾಯವೇ ಸರಿ. ಈಗ ಅದೇ ಧರ್ಮವನ್ನು ವರ್ತಕರು ತಮ್ಮ ದಳ್ಳಾಳಿಯ ಭಾಗದಿಂದ, ಚೀಲಕ್ಕೆ ಒಂದು ರೂಪಾಯಿಯಂತೆ, ಸ್ವಸಂತೋಷದಿಂದ ತೆಗೆದಿಡಬಾರದೇಕೆ? 10 ಲಕ್ಷ ಮೂಲಧನ ಕೂಡಿದರೆ ನೂರಕ್ಕೆ ಏಳರಂತೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಬರುತ್ತದೆ. ಇಷ್ಟರಿಂದ ಐ.ಐ.ಎಂ.ನ ಶುಲ್ಕ ತೀರುವುದಿಲ್ಲ, ನಿಜ. ಆದರೆ ನಾಲ್ಕು ಊರುಗಳಲ್ಲಿಯೂ ಸರ್ಕಾರಿ ಪ್ರಥಮ ದರ್ಜೆಯ ಕಾಲೇಜುಗಳಿವೆ. ಅಲ್ಲಿ ವಾಣಿಜ್ಯ ಓದುವ ಮೂರುನಾಲ್ಕು ಮಕ್ಕಳ ಪುಸ್ತಕ, ಬಸ್ಸಿನ ಪಾಸು, ಪ್ರವೇಶ ಪರೀಕ್ಷೆಯ ತರಬೇತಿ ಇಷ್ಟರಲ್ಲಿ ನಡೆಯುತ್ತದೆ. ಮೇಲಿನ ಶಾಲೆಗೆ ಹೋಗುವವರಿಗೆ ಮೂಲಧನ ಬೆಳೆದಂತೆಲ್ಲಾ ಕೊಡಬಹುದು. ಲೆಕ್ಕವನ್ನು ವರ್ಷಕ್ಕೊಮ್ಮೆ ಈ ಪತ್ರಿಕೆಯಲ್ಲಿ ಬಿಡಿಕಾಸೂ ಬಿಡದೆ ಪ್ರಕಟಿಸಲು ನಾವು ಸಿದ್ಧರಿದ್ದೇವೆ. ಲೆಕ್ಕ ಬರೆಯುವವರು ಮಾತ್ರ ನಾವಾಗಿರುವುದಿಲ್ಲವೆಂದು ವಾಚಕರಿಗೆ ಧೈರ್ಯ ಹೇಳುತ್ತೇವೆ.

ಇಷ್ಟನ್ನು ಬರೆದು ಅಚ್ಚಿಗೆ ಕೊಡುವ ಮೊದಲು ಒಂದು ಪ್ರತಿಯನ್ನು ಚನ್ನರಾಯಪಟ್ಟಣಕ್ಕೆ ಕಳುಹಿಸಿದ್ದೆವು. ನಿನ್ನೆ ಸಂಜೆ ಮಂಡಿಯ ಹುಡುಗನೊಬ್ಬನು ಬಂದು ಒಂದು ಲಕೋಟೆ ಕೊಟ್ಟು ಹೋದನು. ಒಳಗೆ ಮೊದಲ ಕಂತಿನ ಅರ್ಧ ಹಣದ ಚೆಕ್ಕು. ಜತೆಗೆ ನಾಲ್ಕು ಸಾಲಿನ ಚೀಟಿ. ಹೆಸರನ್ನು ಪತ್ರಿಕೆಯಲ್ಲಿ ಹಾಕಕೂಡದು. ಉಳಿದರ್ಧಕ್ಕೆ ಹಾಸನದ ಮಂಡಿಯವರನ್ನು ನೀವೇ ಕೇಳಿಕೊಳ್ಳಿ. ಆ ಮಗು ಬೇಸಿಗೆಯ ರಜದಲ್ಲಿ ಒಂದು ತಿಂಗಳು ಬಂದು ನಮ್ಮ ಮಂಡಿಯ ಲೆಕ್ಕವನ್ನು ನೋಡಿ, ನಮಗೆ ಎಲ್ಲಿ ಸೋರುತ್ತಿದೆಯೆಂದು ಹೇಳಲಿ. ಇದಕ್ಕೆ ಒಪ್ಪಿಗೆಯಿದ್ದರೆ ಚೆಕ್ಕನ್ನು ಬ್ಯಾಂಕಿಗೆ ಹಾಕಿ, ಎಂದಿತ್ತು. ಆ ಹೆಣ್ಣುಮಗಳನ್ನು ಕೇಳಿ ತಿಳಿಸುತ್ತೇವೆಂದು ಉತ್ತರ ಬರೆದಿದ್ದೇವೆ. ಗಡುವಿಗೆ ಇನ್ನು ಒಂಬತ್ತು ದಿನಗಳಿವೆ.